ಫಿಲಿಪ್ ಹಿಟ್ಟಿ: ಅರಬ್ ಜಗತ್ತನ್ನು ಅಮೆರಿಕಕ್ಕೆ ಪರಿಚಯಿಸಿದ ಗುರು

ಇತಿಹಾಸ ಮತ್ತು ಭಾಷೆ ಓದಿದರೆ ಏನು ಪ್ರಯೋಜನ ಎಂದು ಕೇಳುವವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಅಂಥವರು ಫಿಲಿಪ್ ಖೂರಿ ಹಿಟ್ಟಿಯವರ ಬದುಕನ್ನು ಒಮ್ಮೆ ಓದಬೇಕು.

ಹಿಟ್ಟಿಯವರು 1886ರಲ್ಲಿ ಲೆಬನಾನಿನ ಬೆಟ್ಟದ ಮೇಲಿನ ಶಿಮ್ಲಾನ್ ಎಂಬ ಹಳ್ಳಿಯಲ್ಲಿ ಒಂದು ಮಾರೋನೈಟ್ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದರು. ಆಗ ಆ ನಾಡು ಉಸ್ಮಾನಿಯಾ ಸಾಮ್ರಾಜ್ಯದ ಆಳ್ವಿಕೆಯಲ್ಲಿತ್ತು. ಬಾಲ್ಯದಲ್ಲಿ ಬಿದ್ದು ಅವರ ಕೈ ಮುರಿಯಿತು, ಗಾಯ ಕೊಳೆಯತೊಡಗಿತು. ಕೈ ಹೇಗೋ ಉಳಿಯಿತು. ಆದರೆ ಈ ಹುಡುಗ ಇನ್ನು ಮೈಮುರಿದು ದುಡಿಯಲಾರ ಎಂದು ಮನೆಯವರು ಅವರನ್ನು ಶಾಲೆಗೆ ಕಳುಹಿಸಿದರು. ದುರದೃಷ್ಟವೆಂದು ಕಂಡದ್ದೇ ವಿದ್ಯೆಯ ಬಾಗಿಲು ತೆರೆಯಿತು.

ಬೈರೂತಿನ ಕಾಲೇಜಿನಿಂದ 1908ರಲ್ಲಿ ಪದವಿ ಪಡೆದ ಅವರು, ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1915ರಲ್ಲಿ ಡಾಕ್ಟರೇಟ್ ಗಳಿಸಿದರು. ಆರಂಭದ ಇಸ್ಲಾಮೀ ವಿಜಯಗಳ ಬಗ್ಗೆ ಅಲ್-ಬಲಾಝುರಿ ಬರೆದ ಅರಬಿ ಗ್ರಂಥವನ್ನು ಇಂಗ್ಲಿಷಿಗೆ ತಂದರು. ಕೆಲವು ವರ್ಷ ಬೈರೂತಿನಲ್ಲಿ ಪಾಠ ಹೇಳಿ, 1926ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಸೇರಿದರು.

ಆಗ ಅಮೆರಿಕದಲ್ಲಿ ಅರಬಿಯನ್ನು ಹೆಚ್ಚಾಗಿ ಹೀಬ್ರೂ ಮತ್ತು ಬೈಬಲ್ ಅಧ್ಯಯನಕ್ಕೆ ಸಹಾಯಕ ಭಾಷೆಯಾಗಿ ಮಾತ್ರ ಓದುತ್ತಿದ್ದರು. ಇಂದಿಗೂ ಜೀವಂತವಾಗಿರುವ ಜನರ ಭಾಷೆ ಅದು ಎಂಬ ಭಾವನೆ ಕಡಿಮೆಯಿತ್ತು. ಇದನ್ನು ಬದಲಿಸಲು ಹಿಟ್ಟಿ ಟೊಂಕಕಟ್ಟಿ ನಿಂತರು. ವಿಶ್ವವಿದ್ಯಾಲಯದ ಅರಬಿ ಹಸ್ತಪ್ರತಿಗಳನ್ನು ಸಹೋದ್ಯೋಗಿಗಳೊಂದಿಗೆ ಪಟ್ಟಿ ಮಾಡಿದರು. ಬೇಸಿಗೆ ರಜೆಯಲ್ಲಿ ಅರಬಿ ಮತ್ತು ಇಸ್ಲಾಮೀ ಅಧ್ಯಯನದ ಶಿಬಿರಗಳನ್ನು ನಡೆಸಿದರು. ಸುಮಾರು 10 ವರ್ಷ ದುಡಿದು ಬರೆದ ಅರಬರ ಇತಿಹಾಸ 1937ರಲ್ಲಿ ಹೊರಬಂತು. ಆ ಪುಸ್ತಕ ಮತ್ತೆ ಮತ್ತೆ ಪರಿಷ್ಕರಣೆಗೊಂಡು, 1970ರ ಹೊತ್ತಿಗೆ ಹತ್ತನೆಯ ಆವೃತ್ತಿ ಕಂಡಿತು.

ಎರಡನೆಯ ಮಹಾಯುದ್ಧ ಬಂದಾಗ, ಆ ಪ್ರದೇಶವನ್ನು ಬಲ್ಲವರು ತನ್ನಲ್ಲಿ ಬಹಳ ಕಡಿಮೆ ಎಂದು ಅಮೆರಿಕ ಸರಕಾರಕ್ಕೆ ತಿಳಿಯಿತು. ಸೈನಿಕರು ಭಾಷೆ ಕಲಿಯಲು ಪ್ರಿನ್ಸ್‌ಟನ್‌ಗೆ ಬಂದರು. ಯುದ್ಧದ ಬಳಿಕ, 1947ರಲ್ಲಿ, ಹಿಟ್ಟಿಯವರ ಮುಂದಾಳತ್ವದಲ್ಲಿ ಸಮೀಪಪ್ರಾಚ್ಯ ಅಧ್ಯಯನ ಕಾರ್ಯಕ್ರಮ ಆರಂಭವಾಯಿತು. ಭಾಷೆ, ಇತಿಹಾಸ, ರಾಜಕೀಯ, ಅರ್ಥಶಾಸ್ತ್ರ, ಸಮಾಜ ಎಲ್ಲವನ್ನೂ ಒಂದೇ ಸೂರಿನಡಿ ತಂದು ಒಂದು ಪ್ರದೇಶವನ್ನು ಇಡಿಯಾಗಿ ಓದುವುದೇ ಅದರ ಕ್ರಮ. ಅಮೆರಿಕದಲ್ಲಿ ಇಂಥ ಮೊದಲ ಪ್ರಯತ್ನಗಳಲ್ಲಿ ಅದೂ ಒಂದು. ಮುಂದೆ ಹಲವು ವಿಶ್ವವಿದ್ಯಾಲಯಗಳು ಇದೇ ದಾರಿ ಹಿಡಿದವು. ಇಂಥ ಕೇಂದ್ರಗಳು ಬಲಾಢ್ಯ ದೇಶಗಳ ಹಿತಕ್ಕೆ ಬಳಕೆಯಾದವು ಎಂಬ ಟೀಕೆಯೂ ನಂತರ ಬಂತು. ವಿದ್ಯೆಯನ್ನು ಯಾರು, ಯಾವುದಕ್ಕೆ ಬಳಸುತ್ತಾರೆ ಎಂಬ ಎಚ್ಚರ ಓದುವವರಿಗೆ ಇರಲೇಬೇಕು.

ಹಿಟ್ಟಿಯವರು ಗ್ರಂಥಾಲಯದಲ್ಲಿ ಮಾತ್ರ ಕುಳಿತವರಲ್ಲ. ಫೆಲೆಸ್ತೀನಿನ ಪ್ರಶ್ನೆಯಲ್ಲಿ, ಅದೇ ಊರಿನಲ್ಲಿ ವಾಸವಾಗಿದ್ದ ಐನ್‌ಸ್ಟೈನ್ ಅವರೊಂದಿಗೆ 1944ರಲ್ಲಿ ಸ್ಥಳೀಯ ಪತ್ರಿಕೆಯಲ್ಲಿ ಬಹಿರಂಗವಾಗಿ ವಾದಕ್ಕಿಳಿದರು. 1946ರಲ್ಲಿ ಆಂಗ್ಲೋ-ಅಮೆರಿಕನ್ ವಿಚಾರಣಾ ಸಮಿತಿಯ ಮುಂದೆ ಅರಬರ ಪರವಾಗಿ ಸಾಕ್ಷ್ಯ ನುಡಿದರು. ಜಗತ್ತಿನ ದೊಡ್ಡ ವಿಜ್ಞಾನಿ ಎದುರಿಗಿದ್ದರೂ ಅವರು ಹಿಂಜರಿಯಲಿಲ್ಲ.

1954ರಲ್ಲಿ ನಿವೃತ್ತರಾದ ಮೇಲೂ ಬರವಣಿಗೆ ನಿಲ್ಲಲಿಲ್ಲ. 1978ರ ಡಿಸೆಂಬರ್‌ನಲ್ಲಿ ಪ್ರಿನ್ಸ್‌ಟನ್‌ನಲ್ಲಿ ಅವರು ಕೊನೆಯುಸಿರೆಳೆದರು.

ಮುಸ್ಲಿಮರ ಇತಿಹಾಸವನ್ನು ಪಶ್ಚಿಮಕ್ಕೆ ತಿಳಿಸಲು ಬದುಕನ್ನೇ ಮುಡಿಪಾಗಿಟ್ಟವರು ಒಬ್ಬ ಕ್ರೈಸ್ತ ವಿದ್ವಾಂಸರು. ಅವರ ಎಲ್ಲ ಅಭಿಪ್ರಾಯಗಳನ್ನೂ ನಾವು ಒಪ್ಪಬೇಕೆಂದಿಲ್ಲ. ಆದರೆ ನೆರೆಯವರನ್ನು ಅವರ ಭಾಷೆಯಲ್ಲೇ ಓದಿ ಅರಿಯುವ ಅವರ ಶ್ರಮ ನಮಗೆ ಮಾದರಿ. ವಿದ್ಯಾರ್ಥಿ ಮಿತ್ರರೇ, ಈ ರಜೆಯಲ್ಲಿ ನಮ್ಮ ಸುತ್ತಲಿನ ಒಂದು ಹೊಸ ಭಾಷೆಯ ಅಕ್ಷರಗಳನ್ನಾದರೂ ಕಲಿಯೋಣವೇ?