ಪ್ಲೇಗ್ ಲಸಿಕೆಯ ಹಾಫ್‌ಕಿನ್: ಒಂದು ಚಿಮುಟ ಕಲಿಸಿದ ಪಾಠ

ಪರೇಲ್‌ನ ಹಾಫ್‌ಕಿನ್ ಸಂಸ್ಥೆಯ ಹೆಸರನ್ನು ಕೇಳದ ಮುಂಬಯಿ ಕನ್ನಡಿಗರು ವಿರಳ. ಆದರೆ ಆ ಹೆಸರಿನ ಹಿಂದಿರುವ ವಿಜ್ಞಾನಿಯ ಬದುಕು ಅಷ್ಟಾಗಿ ಪರಿಚಿತವಲ್ಲ.

ವಾಲ್ಡೆಮಾರ್ ಹಾಫ್‌ಕಿನ್ 1860ರಲ್ಲಿ ಒಡೆಸ್ಸಾ ನಗರದ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಕಾಲರಾ ಲಸಿಕೆಯನ್ನು ರೂಪಿಸಿ, 1892ರಲ್ಲಿ ಅದನ್ನು ಮೊದಲು ತಮ್ಮ ದೇಹದ ಮೇಲೆಯೇ ಪ್ರಯೋಗಿಸಿದರು. ಮರುವರ್ಷ ಭಾರತಕ್ಕೆ ಬಂದರು.

1896ರಲ್ಲಿ ಮುಂಬಯಿಯಲ್ಲಿ ಪ್ಲೇಗ್ ಕಾಣಿಸಿಕೊಂಡಾಗ, ಗ್ರಾಂಟ್ ವೈದ್ಯಕೀಯ ಕಾಲೇಜಿನ ಪುಟ್ಟ ಪ್ರಯೋಗಶಾಲೆಯಲ್ಲಿ ಅವರು ಕಾರ್ಯಾರಂಭ ಮಾಡಿದರು. ತುಪ್ಪದ ಹನಿಗಳನ್ನು ತೇಲಿಬಿಟ್ಟ ಮಾಂಸದ ತಿಳಿಸಾರಿನಲ್ಲಿ ರೋಗಾಣುಗಳನ್ನು ಬೆಳೆಸಿ, ಶಾಖದಿಂದ ಕೊಂದು ಲಸಿಕೆಯನ್ನು ಸಿದ್ಧಪಡಿಸಿದರು. 1897ರ ಜನವರಿ 10ರಂದು ಅದನ್ನೂ ಮೊದಲು ತಾವೇ ಚುಚ್ಚಿಸಿಕೊಂಡರು. 1898ರಲ್ಲಿ ಪ್ಲೇಗಿನಿಂದ ತತ್ತರಿಸಿದ ಹುಬ್ಬಳ್ಳಿಯಲ್ಲಿ ಸಾವಿರಾರು ಜನರು ಈ ಲಸಿಕೆಯನ್ನು ಪಡೆದರು. 1899ರಲ್ಲಿ ಪ್ರಯೋಗಶಾಲೆಯು ಪರೇಲ್‌ನ ಹಳೆಯ ಸರಕಾರಿ ಭವನಕ್ಕೆ ಸ್ಥಳಾಂತರಗೊಂಡಿತು.

ಕೀರ್ತಿ ಶಿಖರಕ್ಕೇರಿದ್ದ ಆ ಹೊತ್ತಿನಲ್ಲೇ ವಿಪತ್ತು ಎರಗಿತು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ 107 ಜನರಿಗೆ ಲಸಿಕೆ ಹಾಕಲಾಯಿತು. ಅವರಲ್ಲಿ ಒಂದೇ ಶೀಶೆಯಿಂದ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಮೃತಪಟ್ಟರು. ಶೀಶೆಯನ್ನು ತೆರೆಯುವ ಮುನ್ನವೇ, ಅಂದರೆ ಪ್ರಯೋಗಶಾಲೆಯಲ್ಲೇ ಲಸಿಕೆ ಕಲುಷಿತವಾಗಿತ್ತೆಂದು ವಿಚಾರಣಾ ಆಯೋಗ ತೀರ್ಮಾನಿಸಿತು. ಹಾಫ್‌ಕಿನ್ ಹುದ್ದೆಯಿಂದ ದೂರವಾಗಬೇಕಾಯಿತು.

ಆದರೆ ದಾಖಲೆಗಳಲ್ಲೇ ಇನ್ನೊಂದು ಸಂಗತಿ ಅಡಗಿತ್ತು. ಬಿರಡೆ ತೆಗೆಯುವ ಚಿಮುಟವು ಸಹಾಯಕನ ಕೈಯಿಂದ ಅಂದು ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಕ್ರಿಮಿಶುದ್ಧಗೊಳಿಸದೆ ಬಳಸಲಾಗಿತ್ತು. ಧನುರ್ವಾಯುವಿನ ಬೀಜಾಣುಗಳ ನೆಲೆಯೇ ಮಣ್ಣು. ಕಾರ್ಬಾಲಿಕ್ ದ್ರಾವಣದಲ್ಲಿ ಒಮ್ಮೆ ಅದ್ದಿದ ಮಾತ್ರಕ್ಕೆ ಅವು ಸಾಯವು. ಮೇಲಾಗಿ, ಪ್ರಯೋಗಶಾಲೆಯಲ್ಲೇ ಅವು ಸೇರಿದ್ದರೆ ಆರು ವಾರಗಳಷ್ಟು ಹಳೆಯದಾದ ಆ ಶೀಶೆ ದುರ್ನಾತ ಬೀರಬೇಕಿತ್ತು. ತೆರೆದವರಿಗೆ ಯಾವ ವಾಸನೆಯೂ ತಿಳಿದಿರಲಿಲ್ಲ. ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಈ ವಾದವನ್ನು ಮುಂದಿಟ್ಟು ಹೋರಾಡಿದರು. 1907ರಲ್ಲಿ ಹಾಫ್‌ಕಿನ್ ಆರೋಪಮುಕ್ತರಾದರು.

ಬಳಿಕ ಕಲ್ಕತ್ತೆಗೆ ಮರಳಿ ದುಡಿದ ಅವರು 1914ರಲ್ಲಿ ನಿವೃತ್ತರಾದರು. 1925ರಲ್ಲಿ ಪರೇಲ್‌ನ ಸಂಸ್ಥೆಗೆ ಅವರ ಹೆಸರನ್ನಿಡಲಾಯಿತು. 1930ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಅವರು ನಿಧನ ಹೊಂದಿದರು.

ನಮ್ಮ ಮನೆಗಳ ಮಕ್ಕಳೂ ಇಂದು ರೋಗಪರೀಕ್ಷಾ ಪ್ರಯೋಗಶಾಲೆಗಳಲ್ಲಿ ದುಡಿಯುತ್ತಿದ್ದಾರೆ. ಕೆಳಗೆ ಬಿದ್ದ ಉಪಕರಣವನ್ನು ಮತ್ತೆ ಶುದ್ಧಗೊಳಿಸದೆ ಮುಟ್ಟಬಾರದು; ನಡೆದ ಪ್ರಮಾದವನ್ನು ಮುಚ್ಚಿಡದೆ ಬರೆದಿಡಬೇಕು. ಮೊದಲನೆಯದರ ಉಪೇಕ್ಷೆಯಿಂದ 19 ಜೀವಗಳು ಹೋದವು. ಎರಡನೆಯದರಿಂದ ನಿರಪರಾಧಿಯೊಬ್ಬರ ಮಾನ ಉಳಿಯಿತು.