ರಜತಶಿಲ್ಪಿ ಪಾಲ್ ಸ್ಟಾರ್

ಔತಣದ ಮೇಜಿನ ಮೇಲೆ ದೀಪದ ಬೆಳಕಿಗೆ ಹೊಳೆಯುವ ಭವ್ಯವಾದ ಪಾತ್ರೆ. ಹೊರಮೈಯಲ್ಲಿ ಹೆಣೆದುಕೊಂಡ ದ್ರಾಕ್ಷಾಲತೆ, ಗಡ್ಡಧಾರಿ ವನದೇವತೆಗಳ ಮುಖಗಳು. ಒಳಗೆ ಮಂಜುಗಡ್ಡೆ, ಅದರ ನಡುವೆ ಮದಿರೆಯ ಸೀಸೆ. ನೋಡಿದವರು ಅಪ್ಪಟ ಚಿನ್ನವೆಂದೇ ಭ್ರಮಿಸುವ ಈ ಪಾತ್ರೆ ವಾಸ್ತವವಾಗಿ ಚಿನ್ನದ ಲೇಪವನ್ನು ಹೊತ್ತ ಬೆಳ್ಳಿ. ಇಂಥ ಮದಿರಾಶೀತಕಗಳನ್ನು ಇಂಗ್ಲೆಂಡಿನ ರಾಜಗೃಹಕ್ಕೆ ನಿರ್ಮಿಸಿಕೊಟ್ಟವರಲ್ಲಿ ಪಾಲ್ ಸ್ಟಾರನ ಹೆಸರು ಅಗ್ರಗಣ್ಯವಾದುದು.

ಸ್ಟಾರನು 1770ರ ಸುಮಾರಿಗೆ ಲಂಡನ್ನಿನಲ್ಲಿ ಹುಟ್ಟಿದನು. ತಂದೆ ಬೆಳ್ಳಿಯ ಮೇಲೆ ಚಿತ್ತಾರ ಕೊರೆಯುವ ಕಸಬಿನವನು. ಹುಡುಗನು ಹರೆಯದಲ್ಲಿಯೇ ಸೋಹೋ ಪ್ರದೇಶದಲ್ಲಿದ್ದ ಆಂಡ್ರ್ಯೂ ಫೋಗೆಲ್‌ಬರ್ಗ್ ಎಂಬ ಕುಶಲಿಯ ಬಳಿ ಶಿಷ್ಯವೃತ್ತಿಗೆ ಸೇರಿ, 1790ರ ದಶಕದಲ್ಲಿ ಸ್ವಂತ ಮುದ್ರೆಯನ್ನು ಪಡೆದನು. 1797ರಲ್ಲಿ ಪೋರ್ಟ್‌ಲೆಂಡಿನ ಡ್ಯೂಕನಿಗಾಗಿ ಚಿನ್ನದ ದೀಕ್ಷಾಪಾತ್ರೆಯನ್ನು ರಚಿಸಿದನು. ನೈಲ್ ಕದನದಲ್ಲಿ ಗೆದ್ದ ನೆಲ್ಸನ್ನನಿಗೆ ಲೆವಾಂಟ್ ವರ್ತಕರು ಅರ್ಪಿಸಿದ ಬೆಳ್ಳಿಯ ಬಟ್ಟಲೂ ಅವನ ಕೈಯಿಂದಲೇ ಬಂದಿತು.

1807ರಲ್ಲಿ ಅವನ ಬಾಳು ಹೊಸ ತಿರುವನ್ನು ಪಡೆಯಿತು. ಅರಸನ ಆಭರಣ ವ್ಯಾಪಾರಿಗಳಾಗಿದ್ದ ರಂಡೆಲ್ ಮತ್ತು ಬ್ರಿಜ್ ಸಂಸ್ಥೆಯೊಡನೆ ಪಾಲುಗೂಡಿ, ಡೀನ್ ಬೀದಿಯ ಕಾರ್ಯಾಗಾರದ ಹೊಣೆಯನ್ನು ಸ್ಟಾರನು ಹೊತ್ತನು. 1811ರಲ್ಲಿ ರಾಜಪ್ರತಿನಿಧಿಯಾದ ಯುವರಾಜ ಜಾರ್ಜನ ವೈಭವದಾಹಕ್ಕೆ ಮಿತಿಯಿರಲಿಲ್ಲ. ಹೇಡ್ರಿಯನ್ ಚಕ್ರವರ್ತಿಯ ವಿಹಾರಸೌಧದ ಅವಶೇಷಗಳಲ್ಲಿ 1771ರಲ್ಲಿ ದೊರೆತ ‘ವಾರಿಕ್ ಕಲಶ’ವೆಂಬ ಅಮೃತಶಿಲೆಯ ಬೃಹತ್ಪಾತ್ರೆಯ ರೂಪವನ್ನು ಬೆಳ್ಳಿಗಿಳಿಸಿ, ಚಿನ್ನವನ್ನು ಲೇಪಿಸಿ, 1812ರಿಂದೀಚೆಗೆ ಸ್ಟಾರನು ಅವನಿಗಾಗಿ ಶೀತಕಗಳನ್ನು ಸಿದ್ಧಪಡಿಸಿದನು. ಅವು ಇಂದಿಗೂ ಬ್ರಿಟಿಷ್ ರಾಜಸಂಗ್ರಹದಲ್ಲಿವೆ.

ಈ ಹೊಳಪಿಗೆ ತೆತ್ತ ಬೆಲೆಯನ್ನು ಮರೆಯಲಾಗದು. ವಿದ್ಯುತ್ತಿನ ನೆರವು ಇನ್ನೂ ದೊರೆಯದಿದ್ದ ಆ ಕಾಲದಲ್ಲಿ ಚಿನ್ನವನ್ನು ಪಾದರಸದಲ್ಲಿ ಕರಗಿಸಿ, ಬೆಣ್ಣೆಯಂಥ ಆ ಮಿಶ್ರಣವನ್ನು ಬೆಳ್ಳಿಗೆ ಸವರಿ, ಕೆಂಡದ ಮೇಲೆ ಕಾಯಿಸುತ್ತಿದ್ದರು. ಪಾದರಸ ಆವಿಯಾಗಿ ಚಿನ್ನ ಉಳಿಯುತ್ತಿತ್ತು. ಆ ವಿಷವಾಯುವನ್ನು ಉಸಿರಾಡಿದ ಕೆಲಸಗಾರರ ಕೈಗಳು ನಡುಗುತ್ತಿದ್ದವು; ಅವರ ಆಯುಷ್ಯವೂ ಸವೆಯುತ್ತಿತ್ತು. ರಾಜನ ಅತಿಥಿಗಳು ಕಂಡದ್ದು ಚಿನ್ನವನ್ನು ಮಾತ್ರ.

ಕೀರ್ತಿಯ ಹಂಚಿಕೆಯೂ ಸಮನಾಗಿರಲಿಲ್ಲ. ಇದನ್ನು ಲಂಡನ್ನಿನಲ್ಲಿ ಮಾಡಿದವರು ತಾವೇ ಎಂದು ಸಾರುವ ಲ್ಯಾಟಿನ್ ಬರಹವನ್ನು ವ್ಯಾಪಾರಿಗಳು ಎಷ್ಟೋ ಪಾತ್ರೆಗಳ ಬುಡದಲ್ಲಿ ಒತ್ತಿಸಿದರು. ಶಿಲ್ಪಿಯ ಪಾಲಿಗೆ ಉಳಿದದ್ದು ತನ್ನ ಹೆಸರಿನ ಎರಡು ಮೊದಲಕ್ಷರಗಳ ಪುಟ್ಟ ಮುದ್ರೆ. 1819ರಲ್ಲಿ ಸ್ಟಾರನು ಆ ಸಂಸ್ಥೆಯಿಂದ ಹೊರಬಂದನು. ಕಲೆಯಲ್ಲಿ ಸ್ವಾತಂತ್ರ್ಯವನ್ನು ಬಯಸಿ ಹಾಗೆ ಮಾಡಿದನೆಂದು ಅವನ ಚರಿತ್ರೆಯನ್ನು ಬರೆದವರು ಭಾವಿಸುತ್ತಾರೆ.

ಸ್ವಾತಂತ್ರ್ಯ ಸುಲಭವಾಗಿ ದಕ್ಕಲಿಲ್ಲ. 1822ರಲ್ಲಿ ಜಾನ್ ಮಾರ್ಟಿಮರನೊಡನೆ ಕೂಡಿ ಅಂಗಡಿಯನ್ನು ತೆರೆದನು. ಪಾಲುದಾರನು ಮಿತಿಮೀರಿ ಸರಕು ತುಂಬಿದ್ದರಿಂದ 1826ರ ವೇಳೆಗೆ ಅದು ದಿವಾಳಿಯ ಅಂಚಿಗೆ ಬಂದಿತು. ಬಂಧುವಾದ ಜಾನ್ ಸ್ಯಾಮ್ಯುಯೆಲ್ ಹಂಟನು 5,000 ಪೌಂಡುಗಳನ್ನು ತೊಡಗಿಸಿ ಅದನ್ನು ಉಳಿಸಿದನು. ಸ್ಟಾರನು 1838ರಲ್ಲಿ ವೃತ್ತಿಯಿಂದ ನಿವೃತ್ತನಾಗಿ, 1844ರಲ್ಲಿ ಟೂಟಿಂಗ್‌ನಲ್ಲಿ ತೀರಿಕೊಂಡನು. 1827ರಲ್ಲಿ ಮಡಿದ ಫಿಲಿಪ್ ರಂಡೆಲ್ಲನು ಲಕ್ಷಗಟ್ಟಲೆ ಪೌಂಡುಗಳ ಆಸ್ತಿಯನ್ನು ಬಿಟ್ಟುಹೋಗಿದ್ದನು. ಹತ್ತು ಮಕ್ಕಳ ತಂದೆಯಾಗಿದ್ದ ಸ್ಟಾರನು ಬಿಟ್ಟದ್ದು ಸುಮಾರು 3,000 ಪೌಂಡು.

ಆದರೂ ಕಾಲದ ತಕ್ಕಡಿ ಬೇರೆಯ ತೂಕವನ್ನು ತೋರಿಸಿದೆ. ಅಂಥ ಪಾತ್ರೆಯೊಂದು ಕೈಗೆ ಬಂದಾಗ ಬಲ್ಲವರು ಅದನ್ನು ಮಗುಚಿ ಮೊದಲು ಅರಸುವುದು ವ್ಯಾಪಾರಿಯ ಉದ್ದನೆಯ ಬರಹವನ್ನಲ್ಲ, ಆ ಎರಡು ಅಕ್ಷರಗಳನ್ನು. ಆದರೆ ಚಿನ್ನವನ್ನು ಲೇಪಿಸಿದ ಕೈಗಳಿಗೆ ಅಷ್ಟು ಚಿಕ್ಕ ಮುದ್ರೆಯೂ ಇರಲಿಲ್ಲ.