ಬೆಂಕಿಬೆಟ್ಟಗಳ ಕಾವಲುಗಾರ ಗುರು ಜುಸೆಪ್ಪೆ ಮೆರ್ಕಲ್ಲಿ

ಭೂಕಂಪದ ಪಾಠದಲ್ಲಿ ನಮ್ಮ ಮಕ್ಕಳು ಎರಡು ಮಾಪಕಗಳ ಹೆಸರು ಕಲಿಯುತ್ತಾರೆ. ಒಂದು ರಿಕ್ಟರ್ ಮಾಪಕ, ಇನ್ನೊಂದು ಮೆರ್ಕಲ್ಲಿ ಮಾಪಕ. ಮೊದಲನೆಯದು ಭೂಮಿಯ ಒಡಲಿನಲ್ಲಿ ಬಿಡುಗಡೆಯಾದ ಶಕ್ತಿಯನ್ನು ಯಂತ್ರದ ನೆರವಿನಿಂದ ಅಳೆಯುತ್ತದೆ. ಎರಡನೆಯದು ಅದೇ ಕಂಪನ ಒಂದೊಂದು ಊರಿನಲ್ಲಿ ಜನರಿಗೂ ಕಟ್ಟಡಗಳಿಗೂ ಏನು ಮಾಡಿತು ಎಂಬುದನ್ನು ಹೇಳುತ್ತದೆ. ಈ ಎರಡನೆಯ ಮಾಪಕಕ್ಕೆ ಹೆಸರು ಕೊಟ್ಟವರು ಒಬ್ಬ ಕಥೋಲಿಕ ಧರ್ಮಗುರು ಎಂಬ ಸಂಗತಿ ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ಸಮುದ್ರದ ನಡುವಿನ ಜ್ವಾಲಾಮುಖಿ ದ್ವೀಪಗಳು ಕುಸಿದರೆ ದೈತ್ಯ ಸುನಾಮಿ ಏಳಬಹುದೆಂಬ ಭೀತಿಯ ಮಾತು ಆಗಾಗ ಕೇಳಿಬರುತ್ತಿರುವ ಈ ದಿನಗಳಲ್ಲಿ, ಅಂಥ ದ್ವೀಪಗಳನ್ನು ಹತ್ತಿರದಿಂದ ಕಂಡು ಅಭ್ಯಸಿಸಿದ ಈ ಗುರುವಿನ ಜೀವನವನ್ನು ಅರಿಯುವುದು ಉಚಿತವಾಗಿದೆ.

ಜುಸೆಪ್ಪೆ ಮೆರ್ಕಲ್ಲಿ 1850ರ ಮೇ 21ರಂದು ಇಟಲಿಯ ಮಿಲಾನ್ ನಗರದಲ್ಲಿ ಜನಿಸಿದರು. ಇಪ್ಪತ್ತರ ಹರೆಯದಲ್ಲೇ ಗುರುದೀಕ್ಷೆ ಪಡೆದರು. ಅವರಿಗೆ ಭೂವಿಜ್ಞಾನದ ದಾರಿ ತೋರಿಸಿದವರು ಆಂತೋನಿಯೊ ಸ್ತೊಪ್ಪಾನಿ. ಅವರೂ ಧರ್ಮಗುರುವೇ, ಅಂದಿನ ಇಟಲಿಯ ಹೆಸರಾಂತ ಭೂವಿಜ್ಞಾನಿಯೂ ಹೌದು. ವಿಶ್ವಾಸಕ್ಕೂ ವಿಜ್ಞಾನಕ್ಕೂ ಎಣ್ಣೆ ನೀರಿನ ಸಂಬಂಧವೆಂದು ಅನೇಕರು ಭಾವಿಸಿದ್ದ ಕಾಲವದು. ಆದರೆ ಸೃಷ್ಟಿಕರ್ತನು ತನ್ನ ಸೃಷ್ಟಿಗೆ ಅದರದೇ ಆದ ನಿಯಮಗಳನ್ನೂ ಕಾರಣಶಕ್ತಿಯನ್ನೂ ಅನುಗ್ರಹಿಸಿದ್ದಾನೆಂಬುದು ಸಂತ ತೋಮಸ್ ಅಕ್ವಿನಾಸರ ಕಾಲದಿಂದಲೂ ಧರ್ಮಸಭೆಯ ಶಾಲೆಗಳಲ್ಲಿ ಬೋಧಿಸಲಾಗುತ್ತಿದ್ದ ತತ್ವ. ಬೆಟ್ಟ ಏಕೆ ಉರಿಯುತ್ತದೆಂದು ಕೇಳುವುದು ದೇವರನ್ನು ಪ್ರಶ್ನಿಸಿದಂತಲ್ಲ, ಆತನ ಕೃತಿಯನ್ನು ಓದಿದಂತೆ. ಮೆರ್ಕಲ್ಲಿಯವರು ಗುರುಮಠದಲ್ಲಿ ಪ್ರಕೃತಿ ವಿಜ್ಞಾನದ ಅಧ್ಯಾಪಕರಾದರು. ಅಲ್ಲಿನ ಅವರ ವಿದ್ಯಾರ್ಥಿಗಳಲ್ಲಿ ಒಬ್ಬರಾದ ಅಕಿಲ್ಲೆ ರಾತ್ತಿ ಮುಂದೆ ಹನ್ನೊಂದನೆಯ ಪಿಯುಸ್ ಎಂಬ ಹೆಸರಿನಿಂದ ಜಗದ್ಗುರುಗಳಾದರು.

1883ನೆಯ ಇಸವಿ ಮೆರ್ಕಲ್ಲಿಯವರ ಬದುಕಿನಲ್ಲಿ ಮಹತ್ವದ್ದು. ಇಟಲಿಯ ಜ್ವಾಲಾಮುಖಿಗಳ ಬಗ್ಗೆ ಅವರ ದೊಡ್ಡ ಗ್ರಂಥ ಹೊರಬಂದದ್ದು ಆ ವರ್ಷ. ಅದೇ ಜುಲೈ 28ರ ರಾತ್ರಿ ನೇಪಲ್ಸ್ ಬಳಿಯ ಇಸ್ಕಿಯ ದ್ವೀಪದಲ್ಲಿ ಭೂಕಂಪವಾಗಿ ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತರು. ಮೆರ್ಕಲ್ಲಿಯವರು ಈ ವಿಪತ್ತನ್ನು ಅಭ್ಯಸಿಸಿ ಗ್ರಂಥ ರಚಿಸಿದರು. ಒಂದು ತಿಂಗಳು ಕಳೆಯುವಷ್ಟರಲ್ಲಿ, ಆಗಸ್ಟ್ 27ರಂದು, ಇಂಡೋನೇಷ್ಯದ ಕ್ರಕಟೋವ ದ್ವೀಪ ಸಿಡಿದು ಕುಸಿಯಿತು. ಅದು ಎಬ್ಬಿಸಿದ ಅಲೆಗಳು ಜಾವಾ, ಸುಮಾತ್ರಗಳ ಕರಾವಳಿಯಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕಿ ಜನರನ್ನು ಕೊಚ್ಚಿಕೊಂಡು ಹೋದವು. ಜ್ವಾಲಾಮುಖಿ ಕೊಲ್ಲುವುದು ಬೆಂಕಿಯಿಂದ ಮಾತ್ರವಲ್ಲ, ನೀರಿನಿಂದಲೂ ಹೌದು ಎಂಬುದನ್ನು ಇಡೀ ಜಗತ್ತು ಆಗ ಕಂಡಿತು.

1887ರ ಫೆಬ್ರವರಿ 23 ವಿಭೂತಿ ಬುಧವಾರ. ಉತ್ತರ ಇಟಲಿಯ ಲಿಗೂರಿಯ ಕರಾವಳಿಯಲ್ಲಿ ಬೆಳಿಗ್ಗೆ ನೆಲ ನಡುಗಿತು. ಬಯಾರ್ದೊ ಎಂಬ ಗುಡ್ಡದ ಊರಿನಲ್ಲಿ ಹಣೆಗೆ ವಿಭೂತಿ ಹಚ್ಚಿಸಿಕೊಳ್ಳಲು ಸೇರಿದ್ದ ಜನರ ಮೇಲೆ ಇಗರ್ಜಿಯ ಛಾವಣಿ ಕುಸಿದು ಇನ್ನೂರಕ್ಕೂ ಹೆಚ್ಚು ಮಂದಿ ಮಡಿದರು. ಮೆರ್ಕಲ್ಲಿಯವರು ಸಹೋದ್ಯೋಗಿ ತಾರಾಮೆಲ್ಲಿಯವರೊಡನೆ ಆ ಭೂಕಂಪವನ್ನು ಪರಿಶೋಧಿಸಿದರು. ಎಲ್ಲಿ ಗೋಡೆ ಬಿರುಕು ಬಿಟ್ಟಿತು, ಎಲ್ಲಿ ಮನೆ ನೆಲಸಮವಾಯಿತು, ಎಲ್ಲಿ ಜನ ಬೆಚ್ಚಿ ಎದ್ದರು, ಎಲ್ಲಿ ಯಾರಿಗೂ ತಿಳಿಯಲೇ ಇಲ್ಲ ಎಂಬುದನ್ನೆಲ್ಲ ಊರೂರಿನ ಲೆಕ್ಕದಲ್ಲಿ ಕೂಡಿಸುವುದು ಇಂಥ ಅಧ್ಯಯನದ ಕ್ರಮ. ಈ ಕ್ರಮವನ್ನೇ ಪರಿಷ್ಕರಿಸಿ 1902ರಲ್ಲಿ ಅವರು ಹತ್ತು ಹಂತಗಳ ಮಾಪಕವನ್ನು ರೂಪಿಸಿದರು. ಮುಂದೆ ಕಾಂಕಾನಿ, ಸೀಬರ್ಗ್ ಮೊದಲಾದವರು ಅದನ್ನು ಹನ್ನೆರಡು ಹಂತಗಳಿಗೆ ವಿಸ್ತರಿಸಿದರು. ಅದರ ಪರಿಷ್ಕೃತ ರೂಪ ಇಂದಿಗೂ ಬಳಕೆಯಲ್ಲಿದೆ. ಈ ಮಾಪಕಕ್ಕೆ ಆಧಾರ ಯಂತ್ರವಲ್ಲ, ಸಾಮಾನ್ಯ ಜನರ ಅನುಭವದ ಸಾಕ್ಷ್ಯ.

ಗುರುಮಠದ ಅಧ್ಯಾಪನದ ಬಳಿಕ ಅವರು ಸರಕಾರಿ ಪ್ರೌಢಶಾಲೆಯ ಶಿಕ್ಷಕರಾಗಿ ದಕ್ಷಿಣದ ರೆಜ್ಜೊ ಕಲಾಬ್ರಿಯಾ ನಗರಕ್ಕೆ ಹೋದರು. ಸಿಸಿಲಿಯ ಉತ್ತರಕ್ಕಿರುವ ವುಲ್ಕಾನೊ ಮತ್ತು ಸ್ಟ್ರಾಂಬೋಲಿ ಎಂಬ ದ್ವೀಪಗಳು ಅವರ ಅಧ್ಯಯನದ ಮುಖ್ಯ ಕ್ಷೇತ್ರಗಳಾದವು. 1888ರಿಂದ 1890ರ ವರೆಗೆ ವುಲ್ಕಾನೊ ಬಿಟ್ಟು ಬಿಟ್ಟು ಭೀಕರವಾಗಿ ಸಿಡಿಯಿತು. ಸ್ಟ್ರಾಂಬೋಲಿಯಾದರೋ ಶತಮಾನಗಳಿಂದ ಕೆಲವು ನಿಮಿಷಗಳಿಗೊಮ್ಮೆ ಕೆಂಡದ ಚಿಲುಮೆ ಚಿಮ್ಮಿಸುತ್ತ ಬಂದ ಬೆಟ್ಟ. ಎರಡರ ಸ್ವಭಾವವನ್ನೂ ಅವರು ವಿವರವಾಗಿ ದಾಖಲಿಸಿದರು. ಲೋಕದ ಯಾವ ಮೂಲೆಯಲ್ಲೇ ಜ್ವಾಲಾಮುಖಿ ಸಿಡಿಯಲಿ, ಅದನ್ನು ಈ ಎರಡು ದ್ವೀಪಗಳ ಹೆಸರಿನಿಂದ ವರ್ಗೀಕರಿಸುವ ರೂಢಿ ಬೆಳೆದುದು ಹೀಗೆ.

ಬಳಿಕ ಅವರು ನೇಪಲ್ಸಿನಲ್ಲಿ ನೆಲಸಿ, ವೆಸೂವಿಯಸ್ ಬೆಟ್ಟದ ನೆರಳಿನಲ್ಲಿ ಅಧ್ಯಾಪನ ಮುಂದುವರಿಸಿದರು. ಅಲ್ಲಿನ ಪ್ರೌಢಶಾಲೆಯಲ್ಲಿ ಅವರ ಪಾಠ ಕೇಳಿದ ಹುಡುಗರಲ್ಲಿ ಜುಸೆಪ್ಪೆ ಮೊಸ್ಕಾತಿಯೂ ಒಬ್ಬರು. ಬಡವರ ವೈದ್ಯರೆಂದು ನಾವು ಗೌರವಿಸುವ, 1987ರಲ್ಲಿ ಸಂತ ಪದವಿಗೇರಿದ ಮೊಸ್ಕಾತಿಯವರೇ ಇವರು. 1906ರ ಏಪ್ರಿಲಿನಲ್ಲಿ ವೆಸೂವಿಯಸ್ ಉಗ್ರವಾಗಿ ಸಿಡಿದಾಗ ನಡೆದ ಎರಡು ಘಟನೆಗಳನ್ನು ಜೊತೆಯಾಗಿ ನೆನೆಯಬೇಕು. ಸಾನ್ ಜುಸೆಪ್ಪೆ ಎಂಬ ಊರಿನಲ್ಲಿ ಜನ ಇಗರ್ಜಿಯಲ್ಲಿ ಆಶ್ರಯ ಪಡೆದು ಪ್ರಾರ್ಥಿಸುತ್ತಿದ್ದಾಗ, ಬೂದಿಯ ಭಾರಕ್ಕೆ ಛಾವಣಿ ಕುಸಿದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಟೊರ್ರೆ ದೆಲ್ ಗ್ರೆಕೊ ಎಂಬಲ್ಲಿ ವೃದ್ಧರೂ ಪಾರ್ಶ್ವವಾಯು ಪೀಡಿತರೂ ಇದ್ದ ಆಸ್ಪತ್ರೆಗೆ ತರುಣ ವೈದ್ಯ ಮೊಸ್ಕಾತಿ ಧಾವಿಸಿ, ರೋಗಿಗಳನ್ನೆಲ್ಲ ಹೊರಗೆ ಸಾಗಿಸಿದರು. ಕೊನೆಯ ರೋಗಿ ಹೊರಬಂದ ಸ್ವಲ್ಪ ಹೊತ್ತಿನಲ್ಲೇ ಆ ಛಾವಣಿಯೂ ಕುಸಿಯಿತು. ಪ್ರಾರ್ಥಿಸಿದವರ ವಿಶ್ವಾಸ ಕಡಿಮೆಯೆಂದು ಯಾರೂ ಹೇಳಲಾರರು. ಆದರೆ ಛಾವಣಿಯ ಮೇಲೆ ಕೂಡುತ್ತಿದ್ದ ಬೂದಿಯನ್ನು ಸಕಾಲದಲ್ಲಿ ಕಂಡು ಕೈಗೊಂಡ ಕೆಲಸವೂ ಪ್ರಾರ್ಥನೆಯೇ ಅಲ್ಲವೇ?

1908ರ ಡಿಸೆಂಬರ್ 28, ಅಮಾಯಕ ಶಿಶುಗಳ ಸ್ಮರಣೆಯ ದಿನ. ಮುಂಜಾನೆಯ ಕತ್ತಲೆಯಲ್ಲಿ ಮೆಸ್ಸಿನ ಮತ್ತು ರೆಜ್ಜೊ ನಗರಗಳು ಭೂಕಂಪದಿಂದ ನೆಲಕಚ್ಚಿದವು. ಮನೆಗಳ ಬಳಿ ನಿಲ್ಲಲು ಹೆದರಿ ಕಡಲ ತೀರಕ್ಕೆ ಓಡಿದವರನ್ನು ಕೆಲವೇ ನಿಮಿಷಗಳಲ್ಲಿ ಸುನಾಮಿ ಸೆಳೆದುಕೊಂಡಿತು. ಕೆಲವೆಡೆ ಅಲೆ ಹತ್ತು ಮೀಟರಿಗೂ ಮೀರಿ ಏರಿತ್ತು. ಸತ್ತವರು ಎಂಬತ್ತು ಸಾವಿರದಷ್ಟು. ಕಡಲಡಿಯ ಭೂಕುಸಿತವೂ ಆ ಅಲೆಯನ್ನು ಹೆಚ್ಚಿಸಿರಬೇಕೆಂದು ಇಂದಿನ ವಿಜ್ಞಾನಿಗಳಲ್ಲಿ ಕೆಲವರ ಅಭಿಪ್ರಾಯ. ತಾವು ಪಾಠ ಹೇಳಿದ ನಗರವೇ ಮಣ್ಣುಪಾಲಾದ ಈ ದುರಂತವನ್ನೂ ಮೆರ್ಕಲ್ಲಿಯವರು ಅಭ್ಯಸಿಸಿದರು.

1911ರಲ್ಲಿ ಅವರು ವೆಸೂವಿಯಸ್ ವೀಕ್ಷಣಾಲಯದ ನಿರ್ದೇಶಕರಾದರು. ರಾತ್ರಿಯಿಡೀ ಕುಳಿತು ಕೆಲಸ ಮಾಡುವುದು ಅವರ ಅಭ್ಯಾಸವಾಗಿತ್ತು. 1914ರ ಮಾರ್ಚ್ 19ರಂದು, ತಮ್ಮ ನಾಮಪಾಲಕ ಸಂತ ಜೋಸೆಫರ ಹಬ್ಬದ ದಿನವೇ, ನೇಪಲ್ಸಿನ ಮನೆಯ ಕೋಣೆಯಲ್ಲಿ ಬೆಂಕಿಗೆ ಆಹುತಿಯಾದರು. ದೀಪ ಉರುಳಿ ಬೆಂಕಿ ಹತ್ತಿತೆಂದು ಹೇಳಲಾಯಿತು. ಹಣಕ್ಕಾಗಿ ನಡೆದ ಕೊಲೆಯೆಂಬ ಶಂಕೆಯೂ ಹುಟ್ಟಿತು. ಉರಿಯುವ ಬೆಟ್ಟಗಳ ಬಾಯಿಯಿಂದ ಸುರಕ್ಷಿತವಾಗಿ ಮರಳಿ ಬಂದವರು ಮನೆಯೊಳಗಿನ ಬೆಂಕಿಗೆ ಬಲಿಯಾದದ್ದು ವಿಧಿಯ ವೈಚಿತ್ರ್ಯ.

ಮೆರ್ಕಲ್ಲಿಯವರು ಬಲ್ಲ ಸ್ಟ್ರಾಂಬೋಲಿಯ ಒಂದು ಮಗ್ಗುಲಿನಲ್ಲಿ, ಶಿಖರದಿಂದ ಕಡಲಿನ ತನಕ ಲಾಳದ ಆಕಾರದ ದೊಡ್ಡ ಇಳಿಜಾರು ಇದೆ. ಉರಿಯುವ ಕಲ್ಲುಗಳು ಉರುಳಿ ನೀರು ಸೇರುವ ದಾರಿ ಅದು. ಇಂಥ ಲಾಳಾಕಾರದ ಗುರುತುಗಳ ಅರ್ಥ ಭೂವಿಜ್ಞಾನಿಗಳಿಗೆ ಸ್ಪಷ್ಟವಾದದ್ದು ಬಹಳ ತಡವಾಗಿ. 1980ರ ಮೇ 18ರಂದು ಅಮೆರಿಕದ ಸೈಂಟ್ ಹೆಲೆನ್ಸ್ ಬೆಟ್ಟದ ಒಂದು ಪಾರ್ಶ್ವವೇ ಜರಿದು ಬಿದ್ದಾಗ, ಲೋಕದ ಅನೇಕ ಜ್ವಾಲಾಮುಖಿಗಳ ಮೈಮೇಲಿರುವ ಅಂಥ ಗಾಯಗಳು ಹಳೆಯ ಕುಸಿತಗಳ ಕುರುಹುಗಳೆಂದು ಮನವರಿಕೆಯಾಯಿತು. ಕಾರಣ ಸರಳ. ಜ್ವಾಲಾಮುಖಿ ಬೆಟ್ಟ ಏಕಶಿಲೆಯಲ್ಲ. ಲಾವಾ ಮತ್ತು ಬೂದಿಯ ಪದರಗಳು ಕಡಿದಾಗಿ ಪೇರಿಸಿಕೊಂಡ ರಾಶಿ ಅದು. ಒಳಗಿನ ಬಿಸಿ ಅನಿಲಗಳು ಕಲ್ಲನ್ನು ಜೇಡಿಯಂತೆ ಮೆತ್ತಗಾಗಿಸುತ್ತವೆ, ಏರಿಬರುವ ಶಿಲಾರಸ ಮಗ್ಗುಲನ್ನು ಹೊರಗೆ ದೂಡುತ್ತದೆ, ಕಡಲು ಬುಡವನ್ನು ಕೊರೆಯುತ್ತದೆ. ಒಂದು ದಿನ ಮಗ್ಗುಲು ಜಾರಿ ನೀರಿಗೆ ಬಿದ್ದಾಗ ಅಷ್ಟೇ ನೀರು ಅಲೆಯಾಗಿ ಹೊರಕ್ಕೆ ನುಗ್ಗುತ್ತದೆ.

ಚರಿತ್ರೆಯಲ್ಲಿ ಇದಕ್ಕೆ ನಿದರ್ಶನಗಳಿವೆ. ಜಪಾನಿನ ರಕ್ತಸಾಕ್ಷಿಗಳ ಕಥೆ ಓದಿದವರಿಗೆ ಉನ್ಜೆನ್ ಬೆಟ್ಟದ ಹೆಸರು ಪರಿಚಿತ. 1792ರಲ್ಲಿ ಆ ಜ್ವಾಲಾಮುಖಿಯ ಭಾಗವಾದ ಮಾಯುಯಾಮ ಶಿಖರ ಕುಸಿದು ಕೊಲ್ಲಿಗೆ ಬಿದ್ದು, ಸುಮಾರು 15,000 ಜನ ಸತ್ತರು. 1888ರ ಮಾರ್ಚ್ 13ರಂದು ನ್ಯೂಗಿನಿ ಬಳಿಯ ರಿಟ್ಟರ್ ದ್ವೀಪದ ಬಹುಭಾಗ ಕಡಲಿಗೆ ಜಾರಿ, ಸುತ್ತಲಿನ ತೀರಗಳ ಮೇಲೆ ಹತ್ತು ಮೀಟರಿಗೂ ಎತ್ತರದ ಅಲೆಗಳು ಅಪ್ಪಳಿಸಿದವು. ಸ್ಟ್ರಾಂಬೋಲಿಯಲ್ಲೇ 2002ರ ಡಿಸೆಂಬರ್ 30ರಂದು ಇಳಿಜಾರಿನ ಒಂದು ಭಾಗ ಜಾರಿ, ಅಲೆಗಳು ದ್ವೀಪದ ಮನೆಗಳಿಗೆ ನುಗ್ಗಿದವು. ಪ್ರವಾಸಿಗರಿಲ್ಲದ ಚಳಿಗಾಲವಾದ್ದರಿಂದ ಪ್ರಾಣಹಾನಿಯಾಗಲಿಲ್ಲ. ಹದಿನಾಲ್ಕನೆಯ ಶತಮಾನದಲ್ಲಿಯೂ ಅಲ್ಲಿ ಸುನಾಮಿಗಳು ಎದ್ದಿದ್ದವೆಂಬುದಕ್ಕೆ ಮಣ್ಣಿನ ಪದರಗಳಲ್ಲಿ ಸಾಕ್ಷ್ಯ ದೊರೆತಿದೆ.

ಈ ಅಪಾಯದ ನಿಜವಾದ ಮುಖವನ್ನು ತೋರಿಸಿದ್ದು 2018ರ ಡಿಸೆಂಬರ್ 22ರ ರಾತ್ರಿ. ಕ್ರಕಟೋವದ ಸ್ಥಳದಲ್ಲೇ ಹುಟ್ಟಿ ಬೆಳೆದ ಅನಕ್ ಕ್ರಕಟೋವ ಎಂಬ ಮರಿಬೆಟ್ಟದ ಪಾರ್ಶ್ವ ಕುಸಿಯಿತು. ಈ ಕುಸಿತ ಮತ್ತು ಮುಂದಿನ ಸ್ಫೋಟಗಳಿಂದ 338 ಮೀಟರ್ ಎತ್ತರದ ಬೆಟ್ಟ 110 ಮೀಟರಿಗೆ ಇಳಿಯಿತು. ನಾನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅಲೆ ಬರುವ ಮೊದಲು ಎಚ್ಚರಿಕೆ ಮೊಳಗಲಿಲ್ಲ. ಏಕೆಂದರೆ ಎಚ್ಚರಿಕೆಯ ವ್ಯವಸ್ಥೆಗಳು ದೊಡ್ಡ ಭೂಕಂಪವನ್ನು ಕಾದು ಕುಳಿತಿದ್ದವು, ಆ ರಾತ್ರಿ ಅಂಥ ಭೂಕಂಪವಾಗಲಿಲ್ಲ. ಯಂತ್ರ ಮೌನವಾಗಿದ್ದರೂ ಬೆಟ್ಟ ಮೌನವಾಗಿರಲಿಲ್ಲ. ತಿಂಗಳುಗಳಿಂದ ಅದು ಉರಿಯುತ್ತಲೇ ಇತ್ತು.

ಇನ್ನು ಖಂಡಾಂತರ ದಾಟುವ ದೈತ್ಯ ಅಲೆಗಳ ಮಾತು. ಆಫ್ರಿಕದ ಪಶ್ಚಿಮಕ್ಕಿರುವ ಕೇಪ್ ವರ್ಡೆಯ ಫೋಗೊ ದ್ವೀಪ ಸುಮಾರು 73,000 ವರ್ಷಗಳ ಹಿಂದೆ ಕುಸಿದಾಗ, ಪಕ್ಕದ ಸಾಂತಿಯಾಗೊ ದ್ವೀಪದಲ್ಲಿ ಇನ್ನೂರು ಮೀಟರ್ ಎತ್ತರಕ್ಕೆ ಬಂಡೆಗಳು ಒಯ್ಯಲ್ಪಟ್ಟಿದ್ದವು. ಆದ್ದರಿಂದ ಇದು ಕಟ್ಟುಕಥೆಯಲ್ಲ. ಸ್ಪೇನಿನ ಲಾ ಪಾಲ್ಮ ದ್ವೀಪ ಕುಸಿದರೆ ಅಮೆರಿಕದ ಕರಾವಳಿ ಮುಳುಗೀತೆಂಬ ಲೆಕ್ಕಾಚಾರ 2001ರಲ್ಲಿ ಪ್ರಕಟವಾಗಿ ದೊಡ್ಡ ಭೀತಿ ಹಬ್ಬಿಸಿತು. ಕುಸಿತದ ಅಲೆಗಳು ಹತ್ತಿರದಲ್ಲಿ ಅತಿ ಎತ್ತರವಾದರೂ ದೂರ ಸಾಗುತ್ತ ಬೇಗ ಬಲಗುಂದುತ್ತವೆಂದು ಅನಂತರದ ಅಧ್ಯಯನಗಳು ತೋರಿಸಿದವು. 2021ರಲ್ಲಿ ಲಾ ಪಾಲ್ಮ 85 ದಿನ ಉರಿಯಿತು, ಕುಸಿಯಲಿಲ್ಲ. ಅಂಥ ಮಹಾಕುಸಿತಗಳ ನಡುವಿನ ಅಂತರ ಹತ್ತಾರು ಸಾವಿರ ವರ್ಷಗಳದ್ದು. ಮನುಷ್ಯರನ್ನು ಕೊಂದಿರುವುದು ಹೆಚ್ಚಾಗಿ ನೆರೆಹೊರೆಯ ಸಣ್ಣ ಕುಸಿತಗಳೇ.

ನಮ್ಮ ಕರಾವಳಿಯ ಸ್ಥಿತಿಯೇನು? ಮಲ್ಪೆಯ ಎದುರಿನ ಸೈಂಟ್ ಮೇರೀಸ್ ದ್ವೀಪದ ಕಂಬದಂಥ ಕಲ್ಲುಗಳು ಲಾವಾದಿಂದಲೇ ಆದವು. 1498ರಲ್ಲಿ ವಾಸ್ಕೋ ಡ ಗಾಮ ಅದಕ್ಕೆ ಮಾತೆ ಮರಿಯಳ ಹೆಸರಿಟ್ಟನೆಂಬ ಪ್ರತೀತಿಯಿದೆ. ಆದರೆ ಅದರ ಬೆಂಕಿ ಆರಿ ಎಂಟು ಕೋಟಿ ವರ್ಷಗಳೇ ಕಳೆದಿವೆ. ತಗ್ಗಾದ ಆ ದ್ವೀಪದಿಂದ ನಮಗೆ ಭಯವಿಲ್ಲ. ಚಕ್ರಾ ನದಿಯ ದಡದ ವಂಡ್ಸೆಯಂಥ ಒಳನಾಡಿನ ಊರುಗಳಿಗಂತೂ ಕಡಲು ದೂರವೇ. ಆದರೂ ನಮ್ಮವರು ಗಂಗೊಳ್ಳಿಯಿಂದ ಮೀನುಗಾರಿಕೆಗೆ ಹೋಗುತ್ತಾರೆ, ಮರವಂತೆ, ತ್ರಾಸಿಯ ಮರಳ ಮೇಲೆ ಸಂಜೆ ಕಳೆಯುತ್ತಾರೆ, ಹರಕೆ ಹೊತ್ತು ವೇಳಾಂಕಣಿಗೆ ಯಾತ್ರೆ ಹೋಗುತ್ತಾರೆ. 2004ರ ಡಿಸೆಂಬರ್ 26ರ ಭಾನುವಾರ, ಸುಮಾತ್ರ ಬಳಿಯ ಭೂಕಂಪದಿಂದ ಎದ್ದ ಸುನಾಮಿ ವೇಳಾಂಕಣಿಯ ತೀರದಲ್ಲಿದ್ದ ನೂರಾರು ಯಾತ್ರಿಕರನ್ನು ಬಲಿ ತೆಗೆದುಕೊಂಡದ್ದನ್ನು ಮರೆಯಲಾಗದು. 2007ರಿಂದ ಹೈದರಾಬಾದಿನಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ದುಡಿಯುತ್ತಿದೆ. ಅದರ ಮಾತನ್ನು ಪಾಲಿಸಬೇಕು. ಆದರೆ ಕಡಲು ಏಕಾಏಕಿ ಹಿಂದೆ ಸರಿದರೆ, ಎಂದೂ ಕೇಳದ ಮೊರೆತ ಕೇಳಿದರೆ, ತೀರದಲ್ಲಿದ್ದಾಗ ನೆಲ ಬಲವಾಗಿ ನಡುಗಿದರೆ, ಯಾರ ಅಪ್ಪಣೆಗೂ ಕಾಯದೆ ಎತ್ತರದ ನೆಲಕ್ಕೆ ಹೋಗಬೇಕು. ಮೊದಲ ಅಲೆ ಇಳಿಯಿತೆಂದು ಕೂಡಲೇ ಮರಳಬಾರದು. ಇದನ್ನು ಮನೆಯ ಮಕ್ಕಳಿಗೆ ಜಪದಷ್ಟೇ ಚೆನ್ನಾಗಿ ಕಲಿಸಿಡುವುದು ತಂದೆತಾಯಿಗಳ ಕರ್ತವ್ಯ.

ಗುರು ಮೆರ್ಕಲ್ಲಿಯವರು ಯಾವ ಬೆಟ್ಟವನ್ನೂ ತಣಿಸಲಿಲ್ಲ, ಯಾವ ಅಲೆಯನ್ನೂ ತಡೆಯಲಿಲ್ಲ. ಅವರು ಮಾಡಿದ್ದು ನೋಡುವ ಮತ್ತು ಬರೆದಿಡುವ ಕೆಲಸ. ಬಿದ್ದ ಗೋಡೆಗಳನ್ನು ಎಣಿಸಿದ ಆ ಲೆಕ್ಕದಿಂದಲೇ ಎಲ್ಲಿ, ಹೇಗೆ ಗೋಡೆ ಕಟ್ಟಬೇಕೆಂಬುದನ್ನು ಮುಂದಿನವರು ಕಲಿತರು. ಇಂದು ಸ್ಟ್ರಾಂಬೋಲಿಯ ಕಡಲಿನಲ್ಲಿ ಅಲೆಯನ್ನು ಗುರುತಿಸುವ ಉಪಕರಣಗಳೂ ದಡದಲ್ಲಿ ಸೈರನ್‌ಗಳೂ ಇವೆ. ಇವು ಅವರು ಕಾಣದ ಯಂತ್ರಗಳಾದರೂ ಆ ಕಾವಲಿನ ಮುಂದುವರಿಕೆಯೇ ಸರಿ. ವಿಪತ್ತು ದೇವರ ಶಿಕ್ಷೆಯೆಂದು ಕೈಕಟ್ಟಿ ಕೂರುವುದು ಭಕ್ತಿಯಲ್ಲ. ಏನೂ ಆಗದೆಂದು ಕಣ್ಣು ಮುಚ್ಚುವುದು ಧೈರ್ಯವೂ ಅಲ್ಲ. ನೆರೆಯವನ ಪ್ರಾಣದ ಹೊಣೆ ಹೊತ್ತು ಎಚ್ಚರವಾಗಿರುವುದೇ ನಮ್ಮಿಂದ ನಿರೀಕ್ಷಿಸಲಾದ ಪ್ರೀತಿಯ ಸೇವೆ.